ಕಾಲು ಕಿಲೋ ಕಾಫಿ ಪುಡಿ, ಕೊಳ್ಳದ ಸೀರೆ

ಅಕ್ಕಾ,

ನನಗೆ ಮೂವತ್ತೆಂಟು ವರ್ಷ. ಸಾಗರದ ಹತ್ತಿರದ ಹಳ್ಳಿಯವಳು. ಮದುವೆಯಾಗಿ ಮುಂಬೈ ಹತ್ತಿರದ ಡೊಂಬಿವಲಿಗೆ ಬಂದು ಹದಿನಾಲ್ಕು ವರ್ಷಗಳಾದವು. ನಮ್ಮ ಮನೆಯವರು ಇಲ್ಲೇ ಹುಟ್ಟಿ ಬೆಳೆದವರು. ಮಾವನವರು ಕುಂದಾಪುರದ ಕಡೆಯಿಂದ ಹುಡುಗನಾಗಿದ್ದಾಗಲೇ ಬಂದು ಮುಂಬೈಯ ಮಾಟುಂಗಾದ ಹೋಟೆಲೊಂದರಲ್ಲಿ ಬಾಳೆಲೆ ಎತ್ತುವ ಕೆಲಸದಿಂದ ಶುರುಮಾಡಿದವರು, ಈಗ ಇಲ್ಲ.

ತಿಂಗಳಿಗೊಂದು ಶನಿವಾರ ನಾನು ಲೋಕಲ್ ರೈಲಿನಲ್ಲಿ ಮಾಟುಂಗಾಕ್ಕೆ ಹೋಗಿ ಕಾಫಿ ಪುಡಿ, ಬ್ಯಾಡಗಿ ಮೆಣಸಿನಕಾಯಿ, ಜೋನಿ ಬೆಲ್ಲ (ನೀರು ಬೆಲ್ಲ), ಸಿಕ್ಕರೆ ಅಪ್ಪೆಮಿಡಿ ಉಪ್ಪಿನಕಾಯಿ ತರುತ್ತೇನೆ. ಇದರಿಂದ ತಿಂಗಳಿಗೆ ಎಂಟುನೂರು ರೂಪಾಯಿ ಹೆಚ್ಚು ಖರ್ಚು ಎಂದು ಇವರು ಲೆಕ್ಕ ಬರೆದು ತೋರಿಸಿದರು. "ಮೊಬೈಲಿನಲ್ಲಿ ಒತ್ತಿದರೆ ಹತ್ತು ನಿಮಿಷದಲ್ಲಿ ಬಾಗಿಲಿಗೆ ಬರುತ್ತದೆ. ಆ ಬೀದಿಗೆ ಏನು ಹೋಗುವುದು?" ಎನ್ನುತ್ತಾರೆ. ಅವರೇ ಇಪ್ಪತ್ತು ವರ್ಷಗಳಿಂದ ಸ್ಟೇಷನ್ ಹೊರಗಿನ ಒಂದೇ ಗಾಡಿಯಲ್ಲಿ ವಡಾಪಾವ್ ತಿನ್ನುತ್ತಾರೆ. ಆ ಗಾಡಿಯವನ ಮಗಳ ಮದುವೆಗೂ ಹೋಗಿಬಂದರು.

ನವರಾತ್ರಿಗೆ ಇಲ್ಲಿ ದಿನಕ್ಕೊಂದು ಬಣ್ಣ ಉಡುವ ರೂಢಿ. ಈ ಸಲ ನಮ್ಮ ವಸತಿ ಸೊಸೈಟಿಯ ಹೆಂಗಸರೆಲ್ಲ ಶುಕ್ರವಾರದ ಹಸಿರಿಗೆಂದು ಒಂದೇ ಅಂಗಡಿಯಿಂದ ಒಂದೇ ಅಂಚಿನ ಸೀರೆ ತರಿಸಿದರು. ಒಂದಕ್ಕೆ 1,600 ರೂಪಾಯಿ. ಮಗನ ಟ್ಯೂಷನ್ ಶುಲ್ಕ ಕಟ್ಟುವ ತಿಂಗಳು, ನಾನು ಬೇಡ ಎಂದೆ. ಆ ದಿನ ನನ್ನದೇ ಹಸಿರು ಸೀರೆ ಉಟ್ಟು ಕೆಳಗಿಳಿದೆ. ಎಲ್ಲರೂ ಸಾಲಾಗಿ ನಿಂತಾಗ ಒಬ್ಬರು "ವಹಿನಿ, ನೀವೇ ಫೋಟೋ ತೆಗೆಯಿರಿ" ಎಂದು ಮೊಬೈಲನ್ನು ನನ್ನ ಕೈಗಿತ್ತರು. ಹನ್ನೊಂದು ಫೋಟೋ ತೆಗೆದೆ. ಯಾವುದರಲ್ಲೂ ನಾನಿಲ್ಲ. ಮೇಲೆ ಬಂದು ಅತ್ತುಬಿಟ್ಟೆ. ಒಂದು ಸೀರೆಗೆ ಇಷ್ಟು ಅಳುವುದೇ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು.

ಮೇ ತಿಂಗಳಲ್ಲಿ ತವರಿಗೆ ಹೋಗಿದ್ದೆ. ಅಲ್ಲಿ ಅತ್ತಿಗೆ ಬಿಸಿನೀರಿಗೆ ಕದಡುವ ಪುಡಿಯಲ್ಲಿ ಕಾಫಿ ಮಾಡಿಕೊಟ್ಟರು. "ಮುಂಬೈಯಲ್ಲಿದ್ದೂ ಇನ್ನೂ ಡಿಕಾಕ್ಷನ್ ಇಳಿಸುತ್ತೀಯಾ?" ಎಂದು ನಕ್ಕರು. ಊರಿನವರೇ ಬಿಟ್ಟದ್ದನ್ನು ನಾನು ಇಲ್ಲಿ ಹೊತ್ತುಕೊಂಡು ತಿರುಗುತ್ತಿದ್ದೇನೆಯೇ? ಹದಿನಾಲ್ಕು ವರ್ಷದ ಮಗ ಏಳು ಸಾವಿರದ ಶೂ ಬೇಕೆಂದು ಹಟ ಹಿಡಿದಿದ್ದಾನೆ. ತರಗತಿಯಲ್ಲಿ ಎಲ್ಲರ ಬಳಿಯೂ ಇದೆಯಂತೆ. ಈ ಕಟ್ಟಡದಲ್ಲಿ ನನ್ನ ಬಾಗಿಲು ತಟ್ಟುವವರೆಂದರೆ ಮೂರನೆಯ ಮಹಡಿಯ ಮರಾಠಿ ಅಜ್ಜಿ ಒಬ್ಬರೇ, ಅದೂ ಕಾಫಿಯ ಪರಿಮಳಕ್ಕೆ. ಅವರ ಗಂಡ ತೀರಿಕೊಂಡು ಬಹಳ ವರ್ಷಗಳಾದವು, ಮಗ ಪುಣೆಯಲ್ಲಿದ್ದಾನೆ.

ಮಾಟುಂಗಾಕ್ಕೆ ಹೋಗುವುದನ್ನು ನಿಲ್ಲಿಸಲೇ? ಆ ಸೀರೆಯನ್ನು ಕೊಂಡುಬಿಡಬೇಕಿತ್ತೇ? ನಾನು ಎಲ್ಲಿಯವಳು?

ಎಸ್., ಡೊಂಬಿವಲಿ

ಪ್ರಿಯ ತಂಗಿ,

ಹನ್ನೊಂದು ಫೋಟೋ ಎಂದು ಎಣಿಸಿ ಬರೆದಿದ್ದೀರಿ. ನನ್ನ ಕಣ್ಣು ಅಲ್ಲೇ ನಿಂತಿತು. ಸೀರೆಯ ಬೆಲೆ, ಕಾಫಿ ಪುಡಿಯ ಲೆಕ್ಕ ಎಲ್ಲ ಆಮೇಲೆ. ನಿಮಗಾದ ನೋವು ಸಣ್ಣದಲ್ಲ, ಅದಕ್ಕಾಗಿ ನೀವು ನಿಮ್ಮನ್ನೇ ಗದರಿಸಿಕೊಳ್ಳಬೇಕಾಗಿಯೂ ಇಲ್ಲ. ಹದಿನಾಲ್ಕು ವರ್ಷ ಒಂದೇ ಮೆಟ್ಟಿಲು ಹತ್ತಿಳಿದವರು ನಿಮ್ಮನ್ನು ಸಾಲಿನಿಂದ ಹೊರಗೆ ನಿಲ್ಲಿಸಿದರು, ಹಾಗೆ ನಿಲ್ಲಿಸಿದ್ದು ಅವರ ಅರಿವಿಗೇ ಬರಲಿಲ್ಲ. ಅಳು ಬಂದದ್ದು ಅದಕ್ಕೆ.

ಅವರಲ್ಲಿ ದ್ವೇಷ ಇರಲಿಕ್ಕಿಲ್ಲ. ಆದರೆ ಆ ಹಸಿರು ಸೀರೆಯಲ್ಲಿ ಒಂದು ತಪ್ಪು ನಡೆದಿದೆ, ಅದನ್ನು ಬಿಡಿಸಿ ನೋಡೋಣ. ನಾನು ಮದುವೆಯಾಗಿ ಈ ಮುಂಬೈಗೆ ಬಂದದ್ದು 1981ರಲ್ಲಿ. ಆಗ ನವರಾತ್ರಿಗೆ ದಿನಕ್ಕೊಂದು ಬಣ್ಣ ಎಂಬುದು ಇಲ್ಲಿ ಇರಲೇ ಇಲ್ಲ. ಸುಮಾರು ಎರಡು ದಶಕಗಳ ಹಿಂದೆ ಮರಾಠಿ ದಿನಪತ್ರಿಕೆಯೊಂದು ಒಂಬತ್ತು ದಿನಗಳ ಬಣ್ಣಗಳನ್ನು ಪ್ರಕಟಿಸಿ, ಆ ಬಣ್ಣ ಉಟ್ಟ ಓದುಗರ ಗುಂಪುಚಿತ್ರಗಳನ್ನು ಅಚ್ಚುಹಾಕತೊಡಗಿತು. ಸೋಮವಾರ ಬಿಳಿ, ಮಂಗಳವಾರ ಕೆಂಪು, ಬುಧವಾರ ನೀಲಿ, ಗುರುವಾರ ಹಳದಿ, ಶುಕ್ರವಾರ ಹಸಿರು. ವಾರಕ್ಕೆ ಹೊಂದಿಸಿದ ಸುಲಭದ ಪಟ್ಟಿ. ಪುರಾತನ ಶಾಸ್ತ್ರವೆಂದು ಈಗ ಕೆಲವರು ಹೇಳುವುದನ್ನು ಕೇಳಿದ್ದೇನೆ. ಅದು ಹುಟ್ಟಿದ್ದನ್ನು ಕಣ್ಣಾರೆ ಕಂಡವಳು ನಾನು. ಆದರೂ ಅದು ಊರಿಡೀ ಹಬ್ಬಿತು. ಅದರಲ್ಲಿ ಒಂದು ಚೆಲುವಿತ್ತು. ಆಗ ನಾನು ಮುಲುಂಡಿನಿಂದ ಫೋರ್ಟಿಗೆ ಕೆಲಸಕ್ಕೆ ಹೋಗುತ್ತಿದ್ದೆ. ಲೋಕಲ್ ರೈಲಿನ ಮಹಿಳೆಯರ ಡಬ್ಬಿಗೆ ಹತ್ತಿದರೆ ಬ್ಯಾಂಕಿನ ಅಧಿಕಾರಿ, ದಾದಿ, ಹೇರ್‌ಪಿನ್ ಮಾರುವ ಹುಡುಗಿ, ಎಲ್ಲರೂ ಹಳದಿ. ಒಂದು ರೇಷ್ಮೆ, ಒಂದು ಮಾಸಿದ ಹತ್ತಿ, ಒಂದು ದುಪಟ್ಟಾ ಮಾತ್ರ ಹಳದಿ. ಯಾರೂ ಯಾರ ಹೆಸರನ್ನೂ ಕೇಳಿದವರಲ್ಲ, ಆದರೂ ಆ ಒಂದು ಗಂಟೆ ನಾವೆಲ್ಲ ಒಂದು ಮನೆಯವರಂತೆ ಇದ್ದೆವು. ನಿನ್ನ ಕಪಾಟಿನಲ್ಲಿ ಏನಿದೆಯೋ ಅದನ್ನು ಉಟ್ಟು ಬಾ ಎಂಬುದೇ ಅದರ ಜೀವ.

ನಿಮ್ಮ ಸೊಸೈಟಿಯವರು ಆ ಜೀವವನ್ನೇ ತೆಗೆದುಬಿಟ್ಟರು. ಹಸಿರು ಎಂದಷ್ಟೇ ಹೇಳಿದ್ದರೆ ನೀವು ಒಳಗಿದ್ದಿರಿ. ಅಂಗಡಿಯ ಹೆಸರು, ಅಂಚಿನ ನಮೂನೆ, ಬೆಲೆ ಸೇರಿದ ಕೂಡಲೇ ಹೊರಗಾದಿರಿ. ಹಾಗಾಗಿ, ಆ ಸೀರೆಯನ್ನು ಕೊಂಡುಬಿಡಬೇಕಿತ್ತೇ ಎಂಬ ಪ್ರಶ್ನೆಗೆ ನನ್ನ ಉತ್ತರ, ಬೇಡವಾಗಿತ್ತು. ಮಗನ ಶುಲ್ಕದ ಹಣವನ್ನು ಅಲ್ಲಿ ಸುರಿಯದೆ ಇದ್ದದ್ದು ಸರಿ. ಕೊಂಡಿದ್ದರೆ ಫೋಟೋದಲ್ಲಿ ಇರುತ್ತಿದ್ದಿರಿ, ನಿಜ. ಮುಂದಿನ ವರ್ಷದ 2,000 ರೂಪಾಯಿಯ ಸೀರೆಗೆ ಮತ್ತೆ ಇದೇ ಎದೆಬಡಿತ ಇರುತ್ತಿತ್ತು.

ಕೊಳ್ಳುವ ವಸ್ತುವಿನಿಂದ ಜನ ಒಂದಾಗುವುದು ಸುಳ್ಳೆಂದು ನಾನು ಹೇಳಲಾರೆ. ಅದಕ್ಕೆ ಈ ಊರೇ ಸಾಕ್ಷಿ. 1921ರ ಜುಲೈ 31ರಂದು ಪರೇಲಿನ ಗಿರಣಿಯೊಂದರ ಆವರಣದಲ್ಲಿ ಗಾಂಧೀಜಿ ವಿದೇಶಿ ಬಟ್ಟೆಯ ರಾಶಿಗೆ ಬೆಂಕಿ ಹಚ್ಚಿದರು. ಯಾವ ಬಟ್ಟೆ ಉಡುತ್ತೀಯೆ ಎಂಬುದು ನೀನು ಯಾರ ಪಕ್ಷ ಎಂಬುದರ ಗುರುತಾಯಿತು. ಖಾದಿ ತೊಟ್ಟವರು ದೂರದಿಂದಲೇ ಒಬ್ಬರನ್ನೊಬ್ಬರು ಗುರುತಿಸುತ್ತಿದ್ದರು. ಹಾಗೆಯೇ ಖಾದಿ ಕೊಳ್ಳಲಾಗದ ಬಡವರೂ ಇದ್ದರು. ಮೈಮುಚ್ಚಲು ಬಟ್ಟೆಯಿಲ್ಲದವರಿರುವ ನಾಡಿನಲ್ಲಿ ಬಟ್ಟೆ ಸುಡುವುದು ಸರಿಯೇ ಎಂದು ಆಕ್ಷೇಪಿಸಿದವರಲ್ಲಿ ರವೀಂದ್ರನಾಥ ಟಾಗೋರರೂ ಒಬ್ಬರು. ಅಷ್ಟು ದೊಡ್ಡ ಕಾರ್ಯದಲ್ಲೇ ಹೊರಗುಳಿಯುವವರ ಪ್ರಶ್ನೆ ಎದ್ದಿದ್ದರೆ, ಒಂದು ಸೊಸೈಟಿಯ ಸೀರೆಯಲ್ಲಿ ಏಳದಿರುತ್ತದೆಯೇ?

ಒಟ್ಟಿಗೆ ಕೊಳ್ಳುವುದರಲ್ಲೇ ನನಗೆ ಈ ಊರು ಸಿಕ್ಕಿದ್ದು. ಅದನ್ನು ನಿಮಗೆ ಹೇಳಲೇಬೇಕು. ನಾನು ಹಾಸನದಿಂದ ಬಂದಾಗ ಮರಾಠಿಯ ಒಂದು ಅಕ್ಷರವೂ ಬಾರದು. ಮುಲುಂಡಿನ ಚಾಳಿನಲ್ಲಿ ಎದುರು ಮನೆಯ ಕಾಕೂ ಒಂದು ದಿನ ಬಂದು, ಕೈಸನ್ನೆಯಲ್ಲೇ ನನ್ನನ್ನು ಮುಂಬೈ ಗ್ರಾಹಕ ಪಂಚಾಯತಿನ ಸಂಘಕ್ಕೆ ಸೇರಿಸಿದರು. 1975ರಲ್ಲಿ ಆರಂಭವಾದ ಸಂಸ್ಥೆ ಅದು. ನೆರೆಹೊರೆಯ ಮನೆಗಳು ಸೇರಿ ಒಂದು ಸಂಘ ಮಾಡಿಕೊಳ್ಳುವುದು, ತಿಂಗಳಿಗೆ ಬೇಕಾದ ದಿನಸಿಯ ಯಾದಿಯನ್ನು ಮೊದಲೇ ಕೊಡುವುದು, ಸಾಮಾನೆಲ್ಲ ಒಬ್ಬರ ಮನೆಗೆ ಒಟ್ಟಾಗಿ ಬಂದು ಇಳಿಯುವುದು, ಹಂಚಿಕೊಳ್ಳುವುದು ನಾವೇ. ನಡುವಿನ ವ್ಯಾಪಾರಿಯ ಲಾಭ ಉಳಿಯಿತು, ಬೆರಕೆಯ ಭಯ ತಪ್ಪಿತು. ಅದು ಸಂಸ್ಥೆಯ ಉದ್ದೇಶ. ನನಗೆ ಸಿಕ್ಕಿದ್ದು ಬೇರೆ. ನೆಲದ ಮೇಲೆ ಚಾಪೆ ಹಾಸಿ ತೊಗರಿಬೇಳೆ, ಸಕ್ಕರೆ, ಶೇಂಗಾ ಪಾಲುಮಾಡುತ್ತಾ ನಾನು ಕಲಿತ ಮೊದಲ ಮರಾಠಿ ಮಾತುಗಳು ಪಾವ್ ಕಿಲೋ, ಅರ್ಧಾ ಕಿಲೋ, ಸವ್ವಾ ಕಿಲೋ; ಅಂದರೆ ಕಾಲು, ಅರ್ಧ, ಒಂದೂಕಾಲು ಕಿಲೋ. ಅಳತೆಯಿಂದ ಬೆಲೆಗೆ, ಬೆಲೆಯಿಂದ ಅಡುಗೆಗೆ, ಅಡುಗೆಯಿಂದ ಅತ್ತೆಯಂದಿರ ಕಥೆಗೆ ಭಾಷೆ ತಾನಾಗಿ ಬೆಳೆಯಿತು.

ಒಂದು ತಿಂಗಳು ನನ್ನ ಗಂಡ ಕಾಮಾಲೆಯಿಂದ ಆಸ್ಪತ್ರೆ ಸೇರಿದರು. ಯಾದಿ ಕೊಡುವುದು ಮರೆತೇಹೋಯಿತು. ಮೂರನೆಯ ದಿನ ಸಂಜೆ ಕಾಕೂ ಮತ್ತು ಇನ್ನಿಬ್ಬರು ಬಾಗಿಲಲ್ಲಿ ನಿಂತಿದ್ದರು. "ಈ ತಿಂಗಳ ನಿನ್ನ ಯಾದಿ ಬರಲಿಲ್ಲವಲ್ಲ?" ಎಂದರು. ನಾನು ಅತ್ತುಬಿಟ್ಟೆ. ಆ ತಿಂಗಳ ನನ್ನ ಮನೆಯ ದಿನಸಿಯನ್ನು ಅವರೇ ತಮ್ಮ ತಮ್ಮ ಪಾಲಿನಿಂದ ತೆಗೆದಿಟ್ಟರು.

ನಾನು ಕೊಳ್ಳದೆ ಇದ್ದಾಗ ಅವರು ಕೇಳಿಕೊಂಡು ಬಂದರು. ನೀವು ಕೊಳ್ಳದೆ ಇದ್ದಾಗ ಮೊಬೈಲು ನಿಮ್ಮ ಕೈಗೆ ಬಂತು. ಎರಡರ ನಡುವಿನ ಅಂತರವನ್ನು ಇದಕ್ಕಿಂತ ಸ್ಪಷ್ಟವಾಗಿ ನಾನು ಹೇಳಲಾರೆ.

ಈಗ ಮಾಟುಂಗಾ. ನೀವು ಯಾವ ಅಂಗಡಿಗೆ ಹೋಗುತ್ತೀರೋ ನನಗೆ ತಿಳಿಯದು. ಆದರೆ ಆ ಬೀದಿಗಳು ನನಗೆ ಗೊತ್ತು: ಸ್ಟೇಷನ್ ಇಳಿದರೆ ಹೂವಿನವರು, ಬಾಳೆಲೆಯ ಕಟ್ಟು, ಕಾಫಿ ಬೀಜ ಹುರಿಯುವ ಕಂಪು, ಚಿಕೋರಿ ಎಷ್ಟು ಬೆರೆಸಲಿ ಎಂದು ಕೇಳುವ ಅಂಗಡಿಯವರು. ಎಂಬತ್ತು–ಇಪ್ಪತ್ತೋ, ಎಪ್ಪತ್ತು–ಮೂವತ್ತೋ ಎಂಬುದನ್ನು ಅವರು ನೆನಪಿಟ್ಟುಕೊಳ್ಳುತ್ತಾರೆ. ಎರಡು ತಿಂಗಳು ಹೋಗದಿದ್ದರೆ "ಊರಿಗೆ ಹೋಗಿದ್ದಿರಾ ಅಮ್ಮಾ?" ಎನ್ನುತ್ತಾರೆ. ನಿಮ್ಮವರು ಹೇಳಿದ ಹತ್ತು ನಿಮಿಷದ ಹುಡುಗನ ಬಗ್ಗೆ ನನಗೆ ಏನೂ ದೂರಿಲ್ಲ. ಬಿಸಿಲಲ್ಲಿ ಮಳೆಯಲ್ಲಿ ಓಡುವ ಆ ಮಕ್ಕಳಿಗೆ ನಾನು ನೀರು ಕೊಡದೆ ಕಳುಹಿಸುವುದಿಲ್ಲ. ಆದರೆ ಆತನಿಗೆ ನಿಂತು ಕೇಳಲು ಸಮಯವನ್ನೇ ಕೊಟ್ಟಿಲ್ಲ. ಉಪ್ಪು, ಸೋಪು, ಎಣ್ಣೆ ಅವನಿಂದ ಬರಲಿ. ಕಾಫಿ ಪುಡಿ ಮಾಟುಂಗಾದಿಂದಲೇ ಬರಲಿ. ನಿಲ್ಲಿಸಬೇಡಿ.

ಆದರೆ ಎಂಟುನೂರು ರೂಪಾಯಿಯ ಮಾತನ್ನು ತಳ್ಳಿಹಾಕಬೇಡಿ. ಸಂಬಳದ ಮನೆಯಲ್ಲಿ ಅದು ಹಣವೇ. ಗಂಡಹೆಂಡತಿ ಕುಳಿತು ಒಂದು ಮೊತ್ತ ನಿಗದಿ ಮಾಡಿಕೊಳ್ಳಿ, ಅದು ನಾನೂರಾದರೂ ಸರಿ. ಆ ಮೊತ್ತದೊಳಗೆ ಏನು ತರಬೇಕೆಂಬುದು ನಿಮ್ಮ ಆಯ್ಕೆ, ಅದಕ್ಕೆ ಮತ್ತೆ ವಿಚಾರಣೆ ಇರಕೂಡದು.

ನಿಮ್ಮ ಪತ್ರದಲ್ಲಿ ನಿಮ್ಮವರ ಮಾತೊಂದಿದೆ: "ಆ ಬೀದಿಗೆ ಏನು ಹೋಗುವುದು?" ನೀವು ಅದನ್ನು ಖರ್ಚಿನ ಮಾತೆಂದು ಓದಿದ್ದೀರಿ. ನನಗೆ ಹಾಗೆ ಕೇಳಿಸಲಿಲ್ಲ. ನಿಮ್ಮ ಮಾವನವರು ಆ ಬೀದಿಯಲ್ಲಿ ಎಂಜಲೆಲೆ ಎತ್ತಿದವರು. ಊರು ಬಿಟ್ಟು ಬಂದ ಆ ಹುಡುಗರು ಹೋಟೆಲಿನ ಮೇಜುಗಳನ್ನು ಜೋಡಿಸಿ ಅದರ ಮೇಲೇ ಮಲಗುತ್ತಿದ್ದರು. ಹಗಲು ಲೋಟ ತೊಳೆದು ಸಂಜೆ ಕನ್ನಡ ರಾತ್ರಿಶಾಲೆಗೆ ಓಡಿ ಓದಿದವರು ಎಷ್ಟೋ ಮಂದಿ. 1960ರ ದಶಕದ ಕೊನೆಯಲ್ಲಿ ದಕ್ಷಿಣದವರ ವಿರುದ್ಧ ಚಳವಳಿ ಎದ್ದಾಗ ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿದ್ದಿತ್ತು. ಇಡ್ಲಿಯ ಎದುರಿಗೆ ವಡಾಪಾವನ್ನು ನಿಲ್ಲಿಸಿ, ಯಾವುದನ್ನು ತಿನ್ನುತ್ತೀಯೆ ಎಂಬುದರಲ್ಲಿ ಯಾರವನು ಎಂದು ಅಳೆದ ದಿನಗಳನ್ನೂ ಈ ಊರು ಕಂಡಿದೆ. ಅದನ್ನೆಲ್ಲ ತಂದೆಯ ಬಾಯಿಂದ ಕೇಳಿ ಬೆಳೆದ ಮಗ, ಹತ್ತು ಜನರ ನಡುವೆ ವಡಾಪಾವ್ ತಿಂದು ಡೊಂಬಿವಲಿಯವನಾಗಿಬಿಟ್ಟರೆ ಸಾಕು ಎಂದುಕೊಂಡಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ನಿಮಗೆ ಆ ಬೀದಿ ಊರಿನ ಕಂಪು. ಅವರಿಗೆ ಅದು ತಂದೆಯ ಬೆನ್ನುನೋವು ಇರಬಹುದು. ನಾನು ಊಹಿಸಿ ಹೇಳುತ್ತಿದ್ದೇನೆ. ನೀವು ಕೇಳಿ ತಿಳಿದುಕೊಳ್ಳಿ. ಜಗಳದ ನಡುವೆ ಕೇಳಬೇಡಿ. ಒಂದು ಭಾನುವಾರ, ಖರೀದಿಯ ಚೀಲವಿಲ್ಲದೆ, ಮಗನನ್ನೂ ಕರೆದುಕೊಂಡು ಮೂವರೂ ಮಾಟುಂಗಾಕ್ಕೆ ಹೋಗಿ. ಸ್ಟೇಷನ್ನಿನ ಬಳಿಯ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರಿಂದ ಊಟ ಬಡಿಸುತ್ತಿದೆ, ಬಾಳೆಲೆಯ ಮೇಲೆ. ಸರದಿಯಲ್ಲಿ ಕಾದು ಕುಳಿತು ಉಣ್ಣಿ. ಎಲೆ ಎತ್ತುವವರು ಬಂದಾಗ ನಿಮ್ಮವರ ಮುಖ ನೋಡಿ. ಅಜ್ಜ ಏನು ಕೆಲಸ ಮಾಡುತ್ತಿದ್ದರು ಎಂದು ಮಗ ಕೇಳಿದರೆ, ಉತ್ತರಿಸುವುದನ್ನು ಅವರಿಗೇ ಬಿಡಿ.

ಶೂ ವಿಷಯ ಅಷ್ಟೊಂದು ಕಷ್ಟದ್ದಲ್ಲ. ಹದಿನಾಲ್ಕರ ಹುಡುಗನಿಗೆ ತರಗತಿಯಲ್ಲಿ ಒಬ್ಬಂಟಿಯಾಗುವ ಭಯ ನಿಜವಾದದ್ದು. ಹನ್ನೊಂದು ಫೋಟೋ ತೆಗೆದ ನಿಮಗಿಂತ ಚೆನ್ನಾಗಿ ಅದನ್ನು ಯಾರು ಬಲ್ಲರು? ಅವನಿಗೆ ಆ ಕಥೆಯನ್ನೇ ಹೇಳಿ. ಆಮೇಲೆ, ಏಳು ಸಾವಿರ ಆಗುವುದಿಲ್ಲ, ಎರಡೂವರೆ ಸಾವಿರದೊಳಗೆ ನಿನಗೆ ಬೇಕಾದದ್ದನ್ನು ಆರಿಸಿಕೋ ಎನ್ನಿ.

ಅತ್ತಿಗೆ ನಕ್ಕದ್ದು ನಿಮ್ಮನ್ನು ಚುಚ್ಚಿದೆ. ಊರಿನಲ್ಲಿ ಇರುವವರಿಗೆ ಊರನ್ನು ಕಾಪಿಡುವ ಹೊಣೆ ಇಲ್ಲ, ತಂಗಿ. ಅವರು ಕಿಟಕಿ ತೆರೆದರೆ ಅಡಿಕೆ ತೋಟ ಕಾಣುತ್ತದೆ. ಕಾಫಿ ಹೇಗಿದ್ದರೂ ಅವರು ಸಾಗರದವರೇ. ಬಿಟ್ಟು ಬಂದ ನಾವು ಒಂದು ಫಿಲ್ಟರಿನಲ್ಲಿ, ಒಂದು ಬೆಲ್ಲದ ಡಬ್ಬಿಯಲ್ಲಿ ಊರನ್ನು ಇಟ್ಟುಕೊಳ್ಳಬೇಕಾಗುತ್ತದೆ. ನೀವು ಇಟ್ಟುಕೊಂಡಿರುವುದು ನೀವು ಬಿಟ್ಟುಬಂದ ವರ್ಷದ ಸಾಗರವನ್ನು. ಈಗಿನ ಸಾಗರ ಮುಂದೆ ಹೋಗಿದೆ. ಇದು ನೋಯಿಸುತ್ತದೆ, ನನಗೂ ಹಾಸನದಲ್ಲಿ ಪ್ರತಿ ಸಲ ನೋಯುತ್ತದೆ. ಅತ್ತಿಗೆಯ ಮೇಲೆ ಮಾತ್ರ ಸಿಟ್ಟಾಗಬೇಡಿ.

ಸೊಸೈಟಿಯ ಹೆಂಗಸರೊಂದಿಗೆ ಏನು ಮಾಡುವುದು? ವಾಟ್ಸಾಪ್ ಗುಂಪಿನಲ್ಲಿ ಏನನ್ನೂ ಬರೆಯಬೇಡಿ. ಮೊಬೈಲನ್ನು ನಿಮ್ಮ ಕೈಗಿತ್ತವರು ಯಾರೋ, ಅವರೊಬ್ಬರ ಮನೆಗೆ ಹೋಗಿ. "ಆ ದಿನ ನನಗೆ ಬೇಸರವಾಯಿತು. ನಾನೂ ಹಸಿರೇ ಉಟ್ಟಿದ್ದೆ" ಎಂದು ಮರಾಠಿಯಲ್ಲೇ ಹೇಳಿ. ಇಷ್ಟೇ ಸಾಕು. ಒಬ್ಬರೇ ಇದ್ದಾಗ ಮನುಷ್ಯರು ಬಹುಪಾಲು ಒಳ್ಳೆಯವರು. ಮುಂದಿನ ವರ್ಷ ಬಣ್ಣ ಮಾತ್ರ ನಿಗದಿ ಮಾಡೋಣ, ಅಂಗಡಿ ಬೇಡ ಎಂದು ಈಗಲೇ ಬೀಜ ಬಿತ್ತಿ. ನಿಮ್ಮಂತೆಯೇ 1,600 ರೂಪಾಯಿಗೆ ಒಳಗೊಳಗೇ ಸಂಕಟಪಟ್ಟು ಕೊಂಡವರು ಆ ಸಾಲಿನಲ್ಲೇ ಇದ್ದಿರಬಹುದು. ಅವರು ನಿಮ್ಮ ಕಡೆಗೆ ಬರುತ್ತಾರೆ.

ಜನವರಿಯಲ್ಲಿ ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ಮರಾಠಿಯವರ ಹಳದಿಕುಂಕುಮ ಬರುತ್ತದೆ. ಬಂದವರಿಗೆಲ್ಲ 'ವಾಣ' ಎಂದು ಒಂದು ಸಣ್ಣ ವಸ್ತು ಕೊಡುತ್ತಾರೆ: ಸ್ಟೀಲಿನ ಬಟ್ಟಲು, ಡಬ್ಬಿ, ಬಾಚಣಿಗೆ. ನಮ್ಮಲ್ಲಿ ಎಳ್ಳು ಬೀರಲು ಮನೆಮನೆಗೆ ಹೋಗುವುದೂ ಅದೇ ದಿನಗಳಲ್ಲಿ. ಈ ಸಲ ನಿಮ್ಮ ಮನೆಯಲ್ಲಿ ಕರೆಯಿರಿ. ಎಳ್ಳುಬೆಲ್ಲ ಬೀರಿ, ವಾಣವಾಗಿ ಪುಟ್ಟ ಡಬ್ಬಿಯಲ್ಲಿ ಜೋನಿ ಬೆಲ್ಲ ಕೊಡಿ. ಇದು ದೋಸೆಗೆ, ಚಪಾತಿಗೆ ಎಂದು ನಿಮ್ಮ ಬಾಯಲ್ಲೇ ಹೇಳಿ. ನಿಮ್ಮ ಕಪಾಟಿನೊಳಗೆ ಇಷ್ಟು ವರ್ಷ ಒಂಟಿಯಾಗಿದ್ದ ಸಾಗರ ಆ ಕಟ್ಟಡದ ಹತ್ತು ಅಡುಗೆಮನೆಗಳಿಗೆ ಹೋಗುತ್ತದೆ.

ಕರೆಯುವಾಗ ಒಬ್ಬರನ್ನು ಬಿಡಬೇಡಿ. ನನ್ನ ಗಂಡ ತೀರಿಕೊಂಡ ವರ್ಷ, ಇಪ್ಪತ್ತು ವರ್ಷ ನಾನು ಹೋಗುತ್ತಿದ್ದ ಮನೆಗಳಿಂದ ಹಳದಿಕುಂಕುಮದ ಕರೆ ಬರಲಿಲ್ಲ. ಯಾರೂ ಕೆಟ್ಟವರಾಗಿರಲಿಲ್ಲ. ಪದ್ಧತಿ, ಅಷ್ಟೇ. ಬಾಗಿಲು ಹಾಕಿಕೊಂಡು ಕುಳಿತು ಮೆಟ್ಟಿಲ ಮೇಲೆ ಬಳೆಯ ಸದ್ದು ಕೇಳುವುದೆಂದರೇನು ಎಂಬುದು ನನಗೆ ಗೊತ್ತು. ಆ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ನೀವೂ ನಿಮ್ಮ ಮನೆಯಲ್ಲಿ ಅದನ್ನು ಮುರಿಯಿರಿ ಎಂದು ಕೈಮುಗಿದು ಕೇಳುತ್ತೇನೆ.

ಮೂರನೆಯ ಮಹಡಿಯ ಅಜ್ಜಿಯ ವಿಷಯ ನಿಮ್ಮ ಪತ್ರದ ಕೊನೆಯಲ್ಲಿ ಎರಡೇ ವಾಕ್ಯಗಳಲ್ಲಿದೆ. ನಿಮ್ಮ ಬಾಗಿಲು ತಟ್ಟುವವರು ಆ ಕಟ್ಟಡದಲ್ಲಿ ಅವರೊಬ್ಬರೇ ಎಂದಿದ್ದೀರಿ. ಹಸಿರು ಸೀರೆಯ ಆ ಶುಕ್ರವಾರ ಅವರು ಕೆಳಗೆ ಬಂದಿದ್ದರೇ? ನೀವು ಬರೆದಿಲ್ಲ. ಫೋಟೋ ತೆಗೆದ ಕೈ ನಿಮ್ಮದು, ಆದರೂ ಅವರು ಇದ್ದರೋ ಇಲ್ಲವೋ ನಿಮಗೆ ನೆನಪಿಲ್ಲದಿರಬಹುದು. ಇದನ್ನು ತಪ್ಪು ಎಣಿಸಿ ಹೇಳುತ್ತಿಲ್ಲ. ನೋವಿನಲ್ಲಿರುವಾಗ ನಮಗೂ ಪಕ್ಕದವರು ಕಾಣುವುದಿಲ್ಲ.

ಮುಂದಿನ ಶನಿವಾರ ಮಾಟುಂಗಾಕ್ಕೆ ಹೋದಾಗ ಕಾಲು ಕಿಲೋ ಪುಡಿ ಹೆಚ್ಚು ತನ್ನಿ. ಅಜ್ಜಿಗೆ ಚಿಕೋರಿ ಎಷ್ಟು ಇಷ್ಟ ಎಂದು ಹೊರಡುವ ಮೊದಲೇ ಕೇಳಿಕೊಂಡು ಹೋಗಿ. ಅಂಗಡಿಯವರು ಅವರ ಪಾಲನ್ನೂ ನೆನಪಿಟ್ಟುಕೊಳ್ಳುತ್ತಾರೆ. ಪುಡಿಯನ್ನು ಪೊಟ್ಟಣದಲ್ಲಿ ಕೊಡಬೇಡಿ, ನಿಮ್ಮ ಸ್ಟೀಲಿನ ಡಬ್ಬಿಯಲ್ಲಿ ಕೊಡಿ. ಸಾಗರದಲ್ಲಾಗಲಿ ಇಲ್ಲಾಗಲಿ, ಆ ವಯಸ್ಸಿನ ಹೆಂಗಸರು ಇನ್ನೊಬ್ಬರ ಡಬ್ಬಿಯನ್ನು ಬರಿದಾಗಿ ಹಿಂದಿರುಗಿಸುವುದಿಲ್ಲ. ಅದರಲ್ಲಿ ಏನು ತುಂಬಿ ಬಂತೆಂದು ನನಗೆ ಬರೆಯಿರಿ.

ನಿಮ್ಮ ಅಕ್ಕ